ಸಾಹೇಬರ ಪಾಯಖಾನೆ ಫೋಟೋಗಳು

ಪಕ್ಕದ ಮನೆಯ ಸಾಹೇಬರ ಪ್ಯಾಂಟಿನ ಮೊಣಕಾಲುಗಳಿಗೆ ಸದಾ ಕಪ್ಪು ಮರಳು ಅಂಟಿರುತ್ತಿತ್ತು. ಈ ಪರದೇಶದ ನಮ್ಮೂರು ಹೆಂಡರ್ಸನ್‌ನಿಂದ ಪಶ್ಚಿಮದ ಕಡಲಿಗೆ ಕಾರು ಓಡಿಸಿಕೊಂಡು ಹೋಗಿ, ದಂಡೆಯಲ್ಲಿ ಮಂಡಿಯೂರಿ ಫೋಟೋ ತೆಗೆಯುವರು. ಎಲ್ಲರೂ ಅಲೆ, ಬೆಟ್ಟ ಹಿಡಿದರೆ ಇವರದು ಪಾಯಖಾನೆ. ಸುತ್ತ ಕಾಡು, ಬಂಡೆ, ನೊರೆ. ನಟ್ಟನಡುವೆ ಹಸಿರು ತಗಡಿನ ಒಂದು ಪುಟ್ಟ ಕೋಣೆ.

"ದೇವರು ಇಷ್ಟು ದೊಡ್ಡ ಸಮುದ್ರ ಮಾಡಿಟ್ಟಾನ, ಸಾಹೇಬ್ರ. ನಿಮ್ಮ ಕಣ್ಣಿಗೆ ಇದೇ ಬಿತ್ತೇನು?" ಎಂದು ಕೆಣಕಿದ್ದೆ.

"ಸಮುದ್ರ ಎಲ್ಲಿ ಹೋಗ್ತೈತ್ರಿ ಅಕ್ಕಾರ? ಇದು ಎಲ್ಲೈತಿ ಅಂತ ಗೊತ್ತಿರಬೇಕು," ಎಂದು ಗಡ್ಡದೊಳಗೇ ನಕ್ಕರು.

ವಿಜಯಪುರದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದವರು, ಮಗ ಇಲ್ಲಿಗೆ ಕರೆಸಿಕೊಂಡಿದ್ದ. ಫೋಟೋಗಳ ಕಾರಣ ಅವರ ಹೆಂಡತಿ, ನಾನು ಭಾಬಿ ಅನ್ನುವವರು, ಹೇಳಿದರು. ಆಪರೇಷನ್ ಆದಮೇಲೆ ಭಾಬಿಗೆ ಮೂತ್ರ ತಡೆದುಕೊಳ್ಳಲಾಗುತ್ತಿರಲಿಲ್ಲ. ಒಮ್ಮೆ ಮಗನ ಕಾರಿನಲ್ಲೇ ಆಗಿಹೋಯಿತು. ಮೊಮ್ಮಕ್ಕಳು ಇಂಗ್ಲಿಷಿನಲ್ಲಿ ಏನೋ ಅಂದವು. ಅಂದಿನಿಂದ ಭಾಬಿ ಹೊಸ್ತಿಲು ದಾಟಲಿಲ್ಲ. ಸಾಹೇಬರು ಒತ್ತಾಯಿಸಲಿಲ್ಲ. ತಾವೇ ಮೊದಲು ಹೋಗಿ ಬಾಗಿಲು, ಚಿಲಕ, ಒಳಗಿನ ನಲ್ಲಿ ಎಲ್ಲ ಫೋಟೋ ಹಿಡಿದು ತಂದು, ಸಂಜೆ ಟೀವಿಯಲ್ಲಿ ತೋರಿಸುವರು. "ನೋಡು, ಇಲ್ಲೂ ಐತಿ. ಹೋಗೂಣು?" ಭಾಬಿ ತಲೆಯಾಡಿಸಿ ಒಲ್ಲೆ ಅನ್ನುವರು.

ಕೊನೆಗೊಂದು ದಿನ "ಅಕ್ಕಾರು ಬಂದ್ರ ಬರ್ತೀನಿ" ಅಂದರಂತೆ. ಹೋದೆವು. ಅಲ್ಲಿ ನೋಡಿದರೆ ಬಾಗಿಲಿಗೆ ಬೀಗ, ರಿಪೇರಿ ನಡೆದಿದೆಯೆಂದು ಬೋರ್ಡು. ಸಾಹೇಬರು ಬಾಗಿಲನ್ನು ಎಳೆದೇ ಎಳೆದರು. ಭಾಬಿ ಸೀಟಿನಲ್ಲೇ ಕಣ್ಣು ಮುಚ್ಚಿಕೊಂಡರು.

ನಾನು ಹೊದ್ದಿದ್ದ ಶಾಲು ಬಿಚ್ಚಿದೆ. "ಸಾಹೇಬ್ರ, ನೀವು ಆ ಕಡೆ ತಿರುಗ್ರಿ. ಇವತ್ತರ ಸಮುದ್ರ ನೋಡ್ರಿ."

ಪೊದೆಯ ಹಿಂದೆ ಮೊದಲು ನಾನೇ ಕೂತೆ. ಶಾಲು ಮರೆ ಹಿಡಿದಿದ್ದ ಭಾಬಿಗೆ ತಡೆಯಲಾರದ ನಗು. ತಮ್ಮ ಸರದಿ ಬಂದಾಗಲೂ ನಗುತ್ತಲೇ ಇದ್ದರು. ಅಷ್ಟು ನಗು ಕೇಳಿಸಿದರೂ ಸಾಹೇಬರು ತಿರುಗಲಿಲ್ಲ. ಅವರ ಭುಜ ಮಾತ್ರ ಅಲುಗುತ್ತಿತ್ತು.

ಆಮೇಲೆ ಇಬ್ಬರೂ ಎಷ್ಟೋ ಕಡೆ ತಿರುಗಾಡಿದರು. ಹೋದ ಚಳಿಗಾಲ ಸಾಹೇಬರು ಎದೆನೋವೆಂದು ಮಲಗಿದವರು ಏಳಲಿಲ್ಲ. ಗುಡ್ಡದ ಮಗ್ಗುಲಿನ ಸ್ಮಶಾನದಲ್ಲಿ ಮಣ್ಣು ಮಾಡಿದರು. ತಿಂಗಳುಗಳು ಕಳೆದರೂ ಭಾಬಿ ಗೋರಿಗೆ ಹೋಗಲಿಲ್ಲ. ಮಗ ಕರೆದು ಕರೆದು ಸಾಕಾಗಿ, ಅಮ್ಮನಿಗೇ ಮನಸ್ಸಿಲ್ಲವೆಂದು ನೊಂದುಕೊಂಡ. ನನ್ನೆದುರು ಭಾಬಿ ಅತ್ತರು: "ಅದೊಂದು ಜಾಗಾದ ಫೋಟೋ ಅವರು ತಗದಿಲ್ರಿ ಅಕ್ಕಾರ."

ಮರುದಿನವೇ ನನ್ನ ಸೊಸೆಯನ್ನು ಹೊರಡಿಸಿಕೊಂಡು ಸ್ಮಶಾನಕ್ಕೆ ಹೋದೆ. ಗೋರಿಗಳ ಸಾಲು ಮುಗಿದು ಕಾಡು ಶುರುವಾಗುವಲ್ಲಿ ಇಟ್ಟಿಗೆಯ ಕೋಣೆಯೊಂದಿತ್ತು. ಫೋಟೋ ಸೊಟ್ಟಗೆ ಬಂತು, ನನ್ನ ಹೆಬ್ಬೆರಳೂ ಬಂತು. ಹಾಗೇ ಭಾಬಿಗೆ ಕಳಿಸಿ, ಈಗಷ್ಟೇ ಕಲಿತ ಟೈಪಿನಲ್ಲಿ ಒಂದೊಂದೇ ಅಕ್ಷರ ಒತ್ತಿದೆ:

"ಐತಿ. ಒಳಗ ಹೋಗಿ ನೋಡೇನಿ. ಸಾಹೇಬ್ರ ಮಗ್ಗಲಾಗೇ ಐತಿ."