ಅಪ್ಪನಿಗೆ ತರಬೇಕಿದ್ದ ಉಪ್ಪುಕಂಡ

ಯುದ್ಧದ ವರ್ಷಗಳಲ್ಲಿ ನನಗೆ ಊರೂರು ತಿರುಗಿ ಸಿಡುಬು ಬರದಂತೆ ದಾಕು, ಅಂದರೆ ಲಸಿಕೆ, ಹಾಕುವ ಸರ್ಕಾರಿ ಕೆಲಸವಿತ್ತು. ಸೋಮವಾರ ಹಾಸನ, ಬುಧವಾರ ಹೊಳೆನರಸೀಪುರ, ಹೀಗೆ ಯಾವ ದಿನ ಯಾವ ಊರೆಂಬುದು ನಿಗದಿಯಾಗಿತ್ತು. ಐದಕ್ಕೆ ಏಳುವುದು, ಸರಿಯಾಗಿ ಹನ್ನೆರಡಕ್ಕೆ ಊಟ, ಎಲೆಯಲ್ಲಿ ಒಂದು ಅಗುಳೂ ಬಿಡದಿರುವುದು, ಇದು ಅಪ್ಪ ನನಗೆ ಕಲಿಸಿದ ಶಿಸ್ತು.

ಆ ಮಳೆಗಾಲದಲ್ಲಿ ಅಪ್ಪ ವಿಷಮಜ್ವರದಿಂದ ಮಲಗಿದರು. ಜ್ವರ ಬಿಟ್ಟಿತು, ಬಾಯಿರುಚಿ ಮಾತ್ರ ತಿರುಗಿ ಬರಲಿಲ್ಲ. ಗಂಜಿಯ ಬಟ್ಟಲನ್ನು ಗೋಡೆಯ ಕಡೆಗೆ ನೂಕಿಬಿಡುವರು. ದಿನದಿನಕ್ಕೆ ಸೊರಗುತ್ತಿದ್ದರು. ಒಂದು ಬೆಳಿಗ್ಗೆ ತಾವಾಗಿಯೇ ಬಾಯಿಬಿಟ್ಟರು.

"ನಿಮ್ಮವ್ವ ಉಪ್ಪುಕಂಡ ಮಾಡೋಳಲ್ಲ. ಬಿಸಿ ಅಕ್ಕಿರೊಟ್ಟಿ ಒಳಗಿಕ್ಕಿ ಮಡಚಿ ಕೊಡೋಳು. ಅದೊಂದಿದ್ರೆ ತಿಂದೇನು ಕಣ್ಲಾ."

ಅವ್ವ ತೀರಿಕೊಂಡು ಆಗಲೇ ಆರು ವರ್ಷ. ಸೀಳಿದ ಕುರಿಮಾಂಸಕ್ಕೆ ಉಪ್ಪು, ಕುಟ್ಟಿದ ಮೆಣಸು, ಕೊತ್ತಂಬರಿ ಬೀಜ ಸವರಿ, ದಾರಕ್ಕೆ ಪೋಣಿಸಿ ಒಣಗಿಸಿ, ಆಮೇಲೆ ಒಲೆಯ ಹೊಗೆಗೆ ಕಟ್ಟುತ್ತಿದ್ದಳು. ಈಗ ಮನೆಯಲ್ಲಿ ಮಾಡೋಣವೆಂದರೆ ಬಿಸಿಲೇ ಇರಲಿಲ್ಲ. ಕೆಲಸದ ಮೇಲೆ ಹೋದ ಊರುಗಳಲ್ಲೇ ಹುಡುಕತೊಡಗಿದೆ.

ಹಾಸನದ ಹೋಟೆಲಿನಿಂದ ತಂದದ್ದನ್ನು ಅಪ್ಪ ಎರಡು ಸಲ ಅಗಿದು ಹೊರಗೆ ತೆಗೆದರು. "ಚಪ್ಲಿ ಕಣ್ಲಾ ಇದು. ಕಾಲಿಗಾಕ್ಕಂಡು ಓಗು." ಚನ್ನರಾಯಪಟ್ಟಣದ್ದು ಕೊಬ್ಬರಿ ಎಣ್ಣೆಯಲ್ಲಿ ಕರಿದದ್ದು. "ತಲೆಗೆ ತಿಕ್ಕೋ," ಎಂದರು. ಹೊಳೆನರಸೀಪುರದ ಹೋಟೆಲಿನವನಂತೂ ನಕ್ಕುಬಿಟ್ಟ. "ಹಸೀ ಮಾಂಸಕ್ಕೇ ಗತಿ ಇಲ್ಲ, ಒಣಗ್ಸಕೆ ಎಲ್ಲಿಂದ ತರಾನ ಸಾ?"

ಅರಕಲಗೂಡಿನ ಸಂತೆಮಾಳದ ಹಿಂದೆ ಒಬ್ಬ ಅಜ್ಜಿಯ ಸಣ್ಣ ಹೋಟೆಲಿತ್ತು. ಒಂದು ದಿನ ಮೂರು ಹಳ್ಳಿ ನಡೆದು, ಹನ್ನೆರಡಕ್ಕೆ ಸರಿಯಾಗಿ ಅಲ್ಲಿ ಕುಳಿತೆ. ಕೇಳಿದ ಕೂಡಲೇ ಅಜ್ಜಿ ಉಪ್ಪುಕಂಡವನ್ನು ಕೆಂಡದಲ್ಲಿ ಸುಟ್ಟು, ಜಜ್ಜಿ, ಎರಡು ರೊಟ್ಟಿಯೊಳಗಿಟ್ಟು ಮಡಚಿ ಎಲೆಗೆ ಹಾಕಿದಳು. ಮೊದಲ ತುತ್ತಿಗೇ ಗೊತ್ತಾಯಿತು, ಇದೇ ಅದು. ಒಂದು ರೊಟ್ಟಿ ಮುಗಿಸಿದ ಮೇಲೆ ಹೇಳಿದೆ:

"ಅಜ್ಜಿ, ಇನ್ನೆರಡು ಕಟ್ಟಿಕೊಡಿ. ನಮ್ಮಪ್ಪನಿಗೆ, ಕಾಯಿಲೆಯವರಿಗೆ."

"ಮುಗ್ದೋಯ್ತು ಕಣಪ್ಪ. ಇನ್ನು ಬಿಸ್ಲು ಬಂದ್ಮೇಲೇಯ. ನಿನ್ನೆಲೆ ಮ್ಯಾಲೈತಲ್ಲ, ಅದ್ನೇ ಕಟ್ಲಾ? ನೀನಿನ್ನೂ ಮುಟ್ಟಿಲ್ವಲ್ಲ."

ನಾನು ಆ ರೊಟ್ಟಿಯನ್ನು ನೋಡಿದೆ. ಅದರ ಅಂಚಿನಿಂದ ತುಪ್ಪ ಇಳಿಯುತ್ತಿತ್ತು.

"ಬೇಡ, ಬಿಡಿ," ಎಂದು ತಿಂದುಬಿಟ್ಟೆ. ಅಜ್ಜಿ ಒಲೆಯ ಕಡೆ ತಿರುಗಿದಳು.

ಎಲೆಯ ಮೇಲಿನದು ಎಂಜಲು, ಹಿರಿಯರಿಗೆ ಅದನ್ನು ಕೊಡಬಾರದು ಎಂಬ ಸಮಾಧಾನ ನನಗೆ ಹೊಳೆದದ್ದು ಬಸ್ಸಿನಲ್ಲಿ ಕುಳಿತ ಮೇಲೆ. ತಿನ್ನುವಾಗ ಎಂಜಲಿನ ಯೋಚನೆ ಇರಲಿಲ್ಲ, ಅಪ್ಪನ ಯೋಚನೆಯೂ ಇರಲಿಲ್ಲ.

ಸಂಜೆ ಮನೆಗೆ ಬಂದಾಗ ಅಪ್ಪ ದಿಂಬಿಗೆ ಒರಗಿ ಬಾಗಿಲನ್ನೇ ನೋಡುತ್ತಿದ್ದರು.

"ಸಿಕ್ತೇನ್ಲಾ?"

"ಇಲ್ಲಪ್ಪ."

ನೀರು ಕೊಡಲು ಬಗ್ಗಿದೆ. ಅವರು ಲೋಟ ಬಿಟ್ಟು ನನ್ನ ಮಣಿಕಟ್ಟು ಹಿಡಿದರು. ಕೈ ತೊಳೆದಿದ್ದೆ, ಆದರೂ ಆ ಹೊಗೆಯ ವಾಸನೆ ಬೆರಳು ಬಿಟ್ಟಿರಲಿಲ್ಲ. ಅವರು ಬೆರಳುಗಳನ್ನು ಮೂಗಿನ ಹತ್ತಿರ ಹಿಡಿದು ಉಸಿರೆಳೆದುಕೊಂಡರು.

"ಮೆಣಸು ಕುಟ್ಟಿದ್ದೋ, ಅರೆದಿದ್ದೋ?"

"ಕುಟ್ಟಿದ್ದು," ಎಂದೆ.

"ನಿಮ್ಮವ್ವನ ತರಾನೇ ಇತ್ತಾ?"

"ಇತ್ತಪ್ಪ."

ಬೈಯಲಿಲ್ಲ. "ಗಂಜಿ ತರೇಳು," ಎಂದರು. ನನ್ನ ಹೆಂಡತಿ ತಂದುಕೊಟ್ಟ ಬಟ್ಟಲನ್ನು ನಾನು ಎಡಗೈಯಲ್ಲಿ ಹಿಡಿದೆ. ಬಲಗೈಯನ್ನು ಅವರು ಬಿಡಲಿಲ್ಲ. "ಅಂಗೇ ಇರ್ಲಿ," ಎಂದು, ಕಣ್ಣು ಮುಚ್ಚಿ, ಗುಟುಕಿಗೊಮ್ಮೆ ಆ ಬೆರಳುಗಳನ್ನು ಮೂಸುತ್ತಾ ಅರ್ಧ ಬಟ್ಟಲು ಕುಡಿದರು.

ಒಳಗೆ ಹೆಂಡತಿ ಹಿಗ್ಗಿ ಕೇಳಿದಳು, "ಏನ್ ಮಾಡುದ್ರಿ, ಮಾವ ಇಷ್ಟು ಕುಡುದ್ರಲ್ಲ?" ನಾನು ಹಿತ್ತಲಿಗೆ ಹೋಗಿ, ಬೂದಿ ಹಾಕಿ ಮತ್ತೆ ಕೈ ಉಜ್ಜಿಕೊಂಡೆ.