ಹೊಯ್ಗೆ ಎಂಬ ಮೂಲನಿವಾಸಿಗಳು

ಮಗಳ ಶಾಲೆಯಲ್ಲಿ ಅಮೆರಿಕದ ಸಣ್ಣ ಪಟ್ಟಣವೊಂದು ಬೆಳೆದು ಬಂದ ಬಗೆಯ ಮೇಲೆ ಪ್ರಾಜೆಕ್ಟ್ ಕೊಟ್ಟಿದ್ದರು. ಅಮೆರಿಕನ್ ಸಿಲೆಬಸ್ಸಿನ ಶಾಲೆಯಾದ್ದರಿಂದ ಇಂಥದ್ದು ಆಗಾಗ ಬರುತ್ತದೆ. ದುಬೈಯ ಅಲ್ ಕುಸೈಸಿನ ನಮ್ಮ ಫ್ಲ್ಯಾಟಿನಲ್ಲಿ, ಊಟದ ಮೇಜಿನ ಮೇಲೆ ಚಾರ್ಟ್ ಹರಡಿಕೊಂಡು ತಾಯಿ ಮಗಳು ಕೂತೆವು.

ಟೀಚರ್ ಕೊಟ್ಟ ಹಾಳೆಯಲ್ಲಿ ಚೌಕಗಳಿದ್ದವು. ಮೂಲನಿವಾಸಿಗಳು ಯಾರು? ಅವರು ಎಲ್ಲಿಗೆ ಹೋದರು? ಮೊದಲ ಅಂಗಡಿ ಯಾವುದು? ರೈಲು ಬಂದ ಮೇಲೆ ಏನಾಯಿತು? ಆ ಪಟ್ಟಣದ ಕಥೆ ಚೌಕಗಳಲ್ಲಿ ಸಲೀಸಾಗಿ ಕೂತಿತು. ನದಿಯ ತಿರುವಿನಲ್ಲಿ ಮೀನು ಹಿಡಿಯುತ್ತಿದ್ದ ಬುಡಕಟ್ಟಿನವರು, ಅವರನ್ನು ಎಬ್ಬಿಸಿ ಕಟ್ಟಿದ ಮರದ ಗಿರಣಿ, ಗಿರಣಿಗಾಗಿ ಬಂದ ರೈಲು, ರೈಲಿಗಾಗಿ ಬಂದ ಅಂಗಡಿಗಳ ಬೀದಿ. ಗಿರಣಿಯ ಮಾಲೀಕನ ಹೆಸರು ಪುಟದ ತುಂಬ ಇತ್ತು. ಗಿರಣಿಯ ಕೆಲಸ ಮುಗಿಸಿ ಬಂದವರಿಗೆ ಅನ್ನ ಹಾಕಿದವರ ಹೆಸರು ನನ್ನ ಕಣ್ಣಿಗೆ ಬೀಳಲಿಲ್ಲ.

ಎರಡನೆಯ ಹಾಳೆಯಲ್ಲೂ ಅವೇ ಚೌಕಗಳು. ಅದನ್ನು ನಾವಿರುವ ಜಾಗದ ಬಗ್ಗೆ, ಬಹಳ ಕಾಲದಿಂದ ಇಲ್ಲಿರುವ ಒಬ್ಬರನ್ನು ಕೇಳಿ ತುಂಬಬೇಕಿತ್ತು. ಅಂಥವರು ಎದುರು ಬಾಗಿಲಿನಲ್ಲೇ ಇದ್ದರು. ಆದರೆ ಇನ್ನು ಐದು ದಿನ ಮಾತ್ರ.

ಎದುರು ಮನೆಯ ಅಕ್ಕ ಉಳ್ಳಾಲದ ಕಡೆಯ ಬ್ಯಾರಿ ಹೆಂಗಸು. ಗಂಡ ಇಲ್ಲಿನ ಒಂದು ಗೋದಾಮಿನಲ್ಲಿ ಸ್ಟೋರ್‌ಕೀಪರ್ ಆಗಿದ್ದು ನಿವೃತ್ತರಾಗಿದ್ದರು. ವೀಸಾ ಕ್ಯಾನ್ಸಲ್ ಆಗಿ, ಶುಕ್ರವಾರ ಸಂಜೆ ಮಂಗಳೂರಿಗೆ ಫ್ಲೈಟ್. ನಾನು ಮದುವೆಯಾಗಿ ಈ ಕಟ್ಟಡಕ್ಕೆ ಬಂದ ದಿನ ಮೊದಲು ಬಾಗಿಲು ತಟ್ಟಿದವರು ಅವರು. ಕೈಯಲ್ಲಿ ಒಂದು ಪಾತ್ರೆ ಗಂಜಿ, ಅದರ ಮುಚ್ಚಳದ ಮೇಲೆ ಒಂದು ಚೂರು ಉಪ್ಪಿನಕಾಯಿ. ಮಗಳು ಹುಟ್ಟಿದಾಗ ನನ್ನ ಅಮ್ಮನಿಗೆ ವೀಸಾ ಸಿಗದೆ ಹೋಯಿತು. ನಲವತ್ತು ದಿನ ಮಗುವಿಗೆ ಎಣ್ಣೆ ಹಚ್ಚಿ ಸ್ನಾನ ಮಾಡಿಸಿದ್ದು ಅಕ್ಕನೇ. ಅದಕ್ಕೆ ನಾನು ಒಂದು ದಿನವೂ ಬಾಯಿಬಿಟ್ಟು ಏನೂ ಹೇಳಿರಲಿಲ್ಲ. ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ಥ್ಯಾಂಕ್ಯೂ ಹೇಳದೆ ಒಂದು ಪೆನ್ಸಿಲ್ಲನ್ನೂ ಮುಟ್ಟಲು ಬಿಟ್ಟವರಲ್ಲ. ಆದರೆ ಅಕ್ಕನಿಗೆ ಥ್ಯಾಂಕ್ಯೂ ಎಂದರೆ ಅಂಗಡಿಯವರಿಗೆ ಹೇಳಿದ ಹಾಗಾಗುತ್ತಿತ್ತು. ಧನ್ಯವಾದ ಎಂದರೆ ಸಭೆ ಮುಗಿದು ಕುರ್ಚಿ ಮಡಚುವ ಹೊತ್ತಿನ ಮಾತು. ಶುಕ್ರವಾರದೊಳಗೆ ಹೇಗಾದರೂ ಹೇಳಬೇಕು ಎಂದು ಒಳಗೊಳಗೇ ಒದ್ದಾಡುತ್ತಿದ್ದೆ.

ಮಗಳನ್ನು ಕರೆದುಕೊಂಡು ಹೋದಾಗ ಅವರ ಹಾಲ್ ತುಂಬ ಕಾರ್ಟನ್‌ಗಳಿದ್ದವು. ಅಕ್ಕನ ಗಂಡ ಒಂದಕ್ಕೆ ಟೇಪ್ ಸುತ್ತುತ್ತಿದ್ದರು.

“ನನ್ನ ಹತ್ರ ಎಂತ ಕೇಳುವುದು ಮಾರಾಯ್ತಿ? ನಾನು ಮೆಟ್ರೋ ಕಟ್ಟಿದ್ದೇನಾ? ಅವರ ಹತ್ರ ಕೇಳು” ಎಂದರು ಅಕ್ಕ.

“ನಾನು ಬೆಳಿಗ್ಗೆ ಗೋದಾಮಿನ ಒಳಗೆ ಹೋದ್ರೆ ಹೊರಗೆ ಬರುವುದು ಸಂಜೆಗೆ” ಎಂದರು ಗಂಡ. “ಕುಸೈಸ್ ನೋಡಿದವಳು ಇವಳೇ. ಅಡುಗೆಮನೆ ಕಿಟಕಿ ಬಿಟ್ಟು ಕದಲಿದವಳಲ್ಲ.”

“ಕದಲಿದ್ರೆ ನಿಮ್ಮ ಮೀನುಸಾರು ಯಾರು ಮಾಡ್ತಿದ್ರು?” ಎಂದು ಅಕ್ಕ ಮಗಳ ಕಡೆ ತಿರುಗಿದರು. “ಬರಿ ನೀನು. ಮೂವತ್ತು ವರ್ಷ ಇದ್ದೆ. ಮೊನ್ನೆ ವೀಸಾ ಕ್ಯಾನ್ಸಲ್ ಮಾಡಿದ್ರು, ಖಲಾಸ್. ನಾನು ಇಲ್ಲಿ ಇದ್ದೆ ಅಂತ ಹೇಳ್ಲಿಕ್ಕೆ ಒಂದು ಗುರ್ತ ಇಲ್ಲ.”

ಅಷ್ಟು ಹಗುರವಾಗಿ ಹೇಳಿದರೂ ಅವರ ಕೈ ಕಾರ್ಟನ್ನಿನ ಅಂಚನ್ನು ಸುಮ್ಮನೆ ಉಜ್ಜುತ್ತಿತ್ತು. ನಾನು ಚಹಾ ಮಾಡುವ ನೆಪದಲ್ಲಿ ಅವರ ಅಡುಗೆಮನೆಗೆ ಹೋದೆ. ಅವರ ಮಾತು ಅಲ್ಲಿಗೂ ಕೇಳುತ್ತಿತ್ತು, ಆದರೆ ನಾನು ಅರ್ಧ ಕಿವಿ ಮಾತ್ರ ಕೊಟ್ಟಿದ್ದೆ.

“ಆಂಟಿ, ಫಸ್ಟ್ ಇಲ್ಲಿ ಯಾರಿದ್ರು?”

“ಯಾರಿರುವುದು? ಹೊಯ್ಗೆ. ಎಲ್ಲಿ ನೋಡಿದ್ರೂ ಬರೀ ಹೊಯ್ಗೆ.”

“ಆಮೇಲೆ ಎಲ್ಲಿ ಹೋದ್ರು?”

“ಎಲ್ಲಿಗೆ ಹೋಗುವುದು? ಅದರ ಮೇಲೆಯೇ ಬಿಲ್ಡಿಂಗ್ ಕಟ್ಟಿದ್ರು. ಆದ್ರೂ ಗಾಳಿ ಬಂತೂಂದ್ರೆ ಸಂಜೆ ಮನೆ ಒಳಗೆ ಬರ್ತದೆ.”

“ನೀವು ಏನು ಮಾಡ್ತಿದ್ರಿ?”

“ಕಿಟಕಿಯಲ್ಲಿ ಒದ್ದೆ ಬಟ್ಟೆ ಇಡ್ತಿದ್ದೆ. ನಿನ್ನ ಮಮ್ಮನಿಗೂ ನಾನೇ ಹೇಳಿಕೊಟ್ಟದ್ದು.”

ಮೊದಲ ಅಂಗಡಿ ಕೆಳಗಿನ ಗ್ರೋಸರಿ. ಆಗ ಅದರ ಮುಂದೆ ಟಾರು ಇರಲಿಲ್ಲ, ಮೊಸರು ಬೇಕಾದರೆ ಕಿಟಕಿಯಿಂದಲೇ ಕೂಗಬೇಕಿತ್ತು. ರೈಲು ಬಂದ ಮೇಲೆ ಏನಾಯಿತು ಎಂಬುದಕ್ಕೆ ಅಕ್ಕ ಸ್ವಲ್ಪ ಯೋಚಿಸಿ, “ಮೆಟ್ರೋ ಬಂದ ಮೇಲೆ ಇವರು ಸಂಜೆ ಬೇಗ ಬರ್ತಿದ್ರು. ಸಾರು ಎರಡನೇ ಸಲ ಬಿಸಿ ಮಾಡುವುದು ತಪ್ಪಿತು” ಎಂದರು.

ಬುಧವಾರ ಮಗಳು ಬರೆದು ಮುಗಿಸಿದ ಹಾಳೆಯನ್ನು ಓದಲು ಕೊಟ್ಟಳು. ಇಂಗ್ಲಿಷಿನಲ್ಲಿ ಅವಳು ಬರೆದದ್ದರ ಅರ್ಥ ಹೀಗಿತ್ತು: ‘ಕುಸೈಸಿನ ಮೂಲನಿವಾಸಿಗಳು ಹೊಯ್ಗೆ ಎಂಬ ಜನ. ಅವರು ಎಲ್ಲ ಕಡೆ ಇದ್ದರು. ಅವರ ಮೇಲೆಯೇ ಕಟ್ಟಡಗಳನ್ನು ಕಟ್ಟಿದರು. ಆದರೂ ಗಾಳಿ ಬೀಸುವ ಸಂಜೆಗಳಲ್ಲಿ ಅವರು ಮನೆಗಳಿಗೆ ಬರುತ್ತಿದ್ದರು. ಎದುರು ಮನೆಯ ಆಂಟಿ ಅವರಿಗಾಗಿ ಕಿಟಕಿಯಲ್ಲಿ ಒದ್ದೆ ಬಟ್ಟೆ ಇಡುತ್ತಿದ್ದರು. ಈ ಪದ್ಧತಿಯನ್ನು ಅವರು ನನ್ನ ತಾಯಿಗೂ ಕಲಿಸಿದರು.’

ನಕ್ಕು ನಕ್ಕು ನನ್ನ ಕಣ್ಣಲ್ಲಿ ನೀರು ಬಂತು. ಮನೆಯಲ್ಲಿ ನಾವು ಹೊಯ್ಗೆಗೆ ಕೊಂಕಣಿಯಲ್ಲಿ ರೇಂವ್ ಎನ್ನುತ್ತೇವೆ. ಅವಳಿಗೆ ನಾನು ಕಲಿಸಿದ ಪುಸ್ತಕದ ಕನ್ನಡದಲ್ಲಿ ಅದು ಮರಳು. ಹೊಯ್ಗೆ ಎಂಬ ನಮ್ಮ ಕರಾವಳಿಯ ಮಾತು ಅವಳ ಕಿವಿಗೆ ಬಿದ್ದೇ ಇರಲಿಲ್ಲ. ಅಮೆರಿಕದ ಪಟ್ಟಣದಲ್ಲಿ ಬುಡಕಟ್ಟು ಇದ್ದ ಹಾಗೆ ಇಲ್ಲೂ ಇತ್ತು ಎಂದುಕೊಂಡಿದ್ದಳು.

“ಮಮ್ಮಾ, ಇಟ್ಸ್ ನಾಟ್ ಫನ್ನಿ. ನಾಳೆ ಸಬ್ಮಿಟ್ ಮಾಡ್ಬೇಕು” ಎಂದು ಮುಖ ಕೆಂಪಾಗಿಸಿ, ಹೊಸ ಹಾಳೆ ತೆಗೆದುಕೊಂಡು ಸರಿಮಾಡಿ ಬರೆಯಲು ಕೂತಳು.

ತಪ್ಪು ಹಾಳೆಯನ್ನು ನಾನು ಎದುರು ಮನೆಗೆ ಒಯ್ದು ಕನ್ನಡದಲ್ಲಿ ಓದಿ ಹೇಳಿದೆ. ಅಕ್ಕ ನಗುತ್ತಾ ಕಾರ್ಟನ್ನಿನ ಮೇಲೆಯೇ ಕೂತುಬಿಟ್ಟರು. ಗಂಡ ಒಳಗಿನಿಂದ, “ಹೊಯ್ಗೆಯವರಿಗೆ ಚಹಾವೂ ಕೊಡ್ತಿದ್ಳು ಅಂತ ಬರೀಲಿಕ್ಕೆ ಹೇಳಿ” ಎಂದರು. ನಗು ನಿಂತ ಮೇಲೆ ಅಕ್ಕ, “ಇನ್ನೊಮ್ಮೆ ಓದು” ಎಂದರು. ಓದಿದೆ.

“ಇದ್ರಲ್ಲಿ ನಾನು ಇದ್ದೇನಲ್ಲ” ಎಂದರು, ಮೆಲ್ಲಗೆ.

ಇದೇ ಹೊತ್ತು ಎಂದುಕೊಂಡು ನಾನು, “ಅಕ್ಕ, ನೀವು ನನಗೆ…” ಎಂದು ಶುರುಮಾಡಿದೆ.

“ಎಂತ, ಭಾಷಣವಾ?” ಎಂದು ಎದ್ದರು. “ಇಡ್ಲಿ ಪಾತ್ರೆ ಉಂಟು, ತಕೊಂಡು ಹೋಗು. ಫ್ಲೈಟಲ್ಲಿ ತೂಕ ಜಾಸ್ತಿ ಆಗ್ತದೆ. ಆ ಹಾಳೆ ಇಲ್ಲಿ ಕೊಡು.”

“ನಾಳೆ ಕೊಡ್ತೇನೆ ಅಕ್ಕ” ಎಂದು ಇಡ್ಲಿ ಪಾತ್ರೆಯನ್ನು ಅಪ್ಪಿಕೊಂಡು ಮನೆಗೆ ಬಂದೆ.

ಮರುದಿನ ಮಗಳು ಶಾಲೆಗೆ ಹೋದ ಮೇಲೆ ಆ ಹಾಳೆಯನ್ನು ತಿರುವಿ, ಹಿಂಬದಿಯಲ್ಲಿ ಸಿಸ್ಟರುಗಳು ಕಲಿಸಿದ ದುಂಡಗಿನ ಅಕ್ಷರದಲ್ಲಿ ಕನ್ನಡದಲ್ಲಿ ಬರೆದೆ. ಅಕ್ಕ ಏಳನೇ ಕ್ಲಾಸಿನವರೆಗೆ ಕನ್ನಡದಲ್ಲೇ ಓದಿದವರು. ದೊಡ್ಡ ಮಾತು ಯಾವುದೂ ಹೊಳೆಯಲಿಲ್ಲ. ಗಂಜಿಯ ಪಾತ್ರೆ, ಮುಚ್ಚಳದ ಮೇಲಿನ ಉಪ್ಪಿನಕಾಯಿ, ನಲವತ್ತು ದಿನದ ಎಣ್ಣೆ ಸ್ನಾನ, ಮಗುವಿನ ಕಿವಿಯ ಹಿಂದೆ ಉಳಿದ ಎಣ್ಣೆಯನ್ನು ತಮ್ಮ ಸೆರಗಿನಿಂದ ಒರೆಸುತ್ತಿದ್ದದ್ದು, ಇವನ್ನೇ ಒಂದೊಂದಾಗಿ ಬರೆದೆ. ಕೊನೆಗೆ ನಮ್ಮ ಕೊಂಕಣಿಯಲ್ಲಿ ಉಪಕಾರ ನೆನೆಯುವಾಗ ಹೇಳುವ ಮಾತನ್ನು ಕನ್ನಡ ಮಾಡಿ ಸೇರಿಸಿದೆ: ದೇವರು ಒಳ್ಳೆಯದು ಮಾಡಲಿ. ಮಡಚಿ ಅಕ್ಕನ ಕೈಯಲ್ಲಿಟ್ಟು, ಅವರು ಬಿಡಿಸುವ ಮೊದಲೇ ಬಂದುಬಿಟ್ಟೆ.

ಶುಕ್ರವಾರ ಮಧ್ಯಾಹ್ನ ಸಾಮಾನೆಲ್ಲ ಕೆಳಗಿಳಿದ ಮೇಲೆ ಅಕ್ಕ ಲಿಫ್ಟಿನ ಮುಂದೆ ನಿಂತರು. ಮಗಳನ್ನು ಅಪ್ಪಿ, ಅವಳ ಕಿವಿಯ ಹಿಂದೆ ಒಮ್ಮೆ ಕೈಯಾಡಿಸಿದರು. ಆಮೇಲೆ ತಮ್ಮ ಕೈಚೀಲವನ್ನು ತಟ್ಟಿ ನನಗೆ, “ಓದಿದೆ” ಎಂದರು. ಅಷ್ಟೇ. ಲಿಫ್ಟಿನ ಒಳಗೆ ಹೋಗಿ ತಿರುಗಿ ನಿಂತು ಕೇಳಿದರು:

“ಇವತ್ತು ಗಾಳಿ ಉಂಟು. ಬಟ್ಟೆ ಇಟ್ಟಿದ್ದೀಯಾ?”

“ಇಲ್ಲ ಅಕ್ಕ.”

“ಮತ್ತೆ ಇಲ್ಲಿ ನಿಂತು ಎಂತ ಮಾಡ್ತೀ? ಹೋಗಿ ಇಡು.”

ಬಾಗಿಲು ಮುಚ್ಚಿತು. ನಾನು ಒಳಗೆ ಬಂದು, ಹಳೆಯ ಟವೆಲನ್ನು ಒದ್ದೆ ಮಾಡಿ ಹಿಂಡಿ, ಅಡುಗೆಮನೆಯ ಕಿಟಕಿಯ ಸಂದಿಗೆ ಒತ್ತಿ ಇಟ್ಟೆ. ಕೆಳಗೆ ಅವರ ವಾಹನ ಗ್ರೋಸರಿಯ ಮುಂದೆ ತಿರುಗುತ್ತಿತ್ತು. ಮಗಳು ಪಕ್ಕಕ್ಕೆ ಬಂದು ನಿಂತು, “ಮಮ್ಮಾ, ಹೊಯ್ಗೆ ಬಂದ್ರಾ?” ಎಂದಳು.

“ಬರ್ತಾರೆ, ಸಂಜೆಗೆ” ಎಂದೆ.