ಷಡ್ಡಕನ ಸಾವಿರ ಸಿಸಿ

ನಾವು ಮಾರಿದ ಎಮ್ಮೆ ಕೊಂಡವನ ಮನೆಯಲ್ಲಿ ಹೆಚ್ಚು ಹಾಲು ಕೊಡಬಾರದು. ಕೊಟ್ಟರೂ ಆ ಸುದ್ದಿ ನಮ್ಮ ಕಿವಿಗೆ ಬೀಳಬಾರದು. ಬಿದ್ದರೂ, ಕೊಂಡವನು ಹೆಂಡತಿಯ ತಂಗಿಯ ಗಂಡನಾಗಿರಬಾರದು. ನನಗೆ ಈ ಮೂರೂ ಒಟ್ಟಿಗೇ ಒದಗಿದವು. ಎಮ್ಮೆಯ ಬದಲು ಕಾರು, ಅಷ್ಟೇ ವ್ಯತ್ಯಾಸ.

ಕಾರು ಎಂದರೆ ಎಂಟುನೂರು ಸಿಸಿಯದು. ತೊಂಬತ್ತರ ದಶಕದಲ್ಲಿ ಡಾಕ್ಟರುಗಳು ಧೈರ್ಯವಾಗಿಯೂ ಮೇಷ್ಟ್ರುಗಳು ಹೆದರಿ ಹೆದರಿಯೂ ಕೊಳ್ಳುತ್ತಿದ್ದ, ಸೋಪಿನ ಡಬ್ಬಿಗೆ ಗಾಲಿ ಕಟ್ಟಿದಂತಿದ್ದ ಪುಟ್ಟ ಬಿಳಿ ಕಾರು. ನಾನು ಕೂಡ್ಲಿಗಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವನು; ವೇಗದ ಬಗ್ಗೆ ಎಲ್ಲವನ್ನೂ ಬಲ್ಲೆ, ಆದ್ದರಿಂದಲೇ ನಲವತ್ತು ದಾಟುತ್ತಿರಲಿಲ್ಲ. ಹೊರಡುವ ಮುನ್ನ ನಾಲ್ಕೂ ಗಾಲಿ ಒದ್ದು ನೋಡಬೇಕು. ಊರ ಗಡಿ ದಾಟಿದ ಮೇಲೆ ಗ್ಯಾಸ್ ಆರಿಸಿದೆವೋ ಇಲ್ಲವೋ ಎಂದು ಹಿಂತಿರುಗಬೇಕು. ನಾಲ್ಕು ಜನ ಕೂತು ಕಾನಹೊಸಹಳ್ಳಿ ಕಡೆ ಹೊರಟರೆ ಏರಿನಲ್ಲಿ ಕಾರಿಗೆ ಉಬ್ಬಸ. ಒಮ್ಮೆ ಅತ್ತೆಯವರನ್ನು ಇಳಿಸಿದೆ, ಭಾರ ಕಡಿಮೆಯಾಗಲಿ ಎಂದು. ಅವರು ಸೆರಗು ಸಿಕ್ಕಿಸಿಕೊಂಡು ನಡೆದು ನಮಗಿಂತ ಮೊದಲೇ ಏರಿನ ತುದಿ ಮುಟ್ಟಿ, ಕಲ್ಲಿನ ಮೇಲೆ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು.

ಒಂಬತ್ತು ವರ್ಷ ಹೀಗೇ ಕಳೆದು ಕಾರನ್ನು ಕೊಟ್ಟೂರಿನ ನನ್ನ ಷಡ್ಡಕ ಕೊಟ್ರೇಶನಿಗೆ ಮಾರಿದೆ. ಮಾರುವಾಗ ಒಂದು ವಿಷಯ ಹೇಳಲು ಮರೆತೆ ಎಂದು ಬರೆಯಲು ಈಗ ಕೈ ಹೋಗಿತ್ತು. ಮರೆಯಲಿಲ್ಲ, ಹೇಳಲಿಲ್ಲ. ಆ ಕಾರಿನ ಬ್ರೇಕು ಮೊದಲ ತುಳಿತಕ್ಕೆ ಮೆತ್ತಗೆ ಒಳಗೆ ಇಳಿಯುತ್ತಿತ್ತು, ಎರಡನೆಯ ತುಳಿತಕ್ಕೆ ಹಿಡಿಯುತ್ತಿತ್ತು. ಇಷ್ಟು ಚಿಂತೆಯ ಮನುಷ್ಯ ರಿಪೇರಿ ಯಾಕೆ ಮಾಡಿಸಲಿಲ್ಲ ಎಂದು ನೀವು ಕೇಳಬಹುದು. ಡಾಕ್ಟರ ಹತ್ತಿರ ಹೋದರೆ ರೋಗ ಹೇಳಿಬಿಡುತ್ತಾರೆ ಎಂದು ಹೋಗದವರ ಪೈಕಿ ನಾನು. ಅದೂ ಅಲ್ಲದೆ, ರಿಪೇರಿ ಮಾಡಿಸಿದರೆ ಚಿಂತೆಗೆ ಏನು ಉಳಿಯಿತು? ನಲವತ್ತರ ವೇಗಕ್ಕೆ ಎರಡು ತುಳಿತ ಧಾರಾಳವಾಯಿತು.

ಕೊಟ್ರೇಶನದು ಪಂಪ್‌ಸೆಟ್ಟಿನ ಸುಟ್ಟ ಮೋಟಾರಿಗೆ ತಂತಿ ಸುತ್ತಿಕೊಡುವ ಅಂಗಡಿ. ನಮ್ಮ ಕಡೆ ಕುದುರೆಯನ್ನು ಹತ್ತಿರದಿಂದ ನೋಡಿದವರು ಕಡಿಮೆ. ಎಚ್‌ಪಿ ಗೊತ್ತಿಲ್ಲದವರು ಒಬ್ಬರೂ ಇಲ್ಲ. ಬೋರಿನ ನೀರು ಕೆಳಗಿಳಿದಂತೆಲ್ಲ ಮೋಟಾರು ದೊಡ್ಡದಾಗಬೇಕು. ಮೂರು ಎಚ್‌ಪಿ ಎಳೆಯದಿದ್ದರೆ ಐದು, ಐದು ಎಳೆಯದಿದ್ದರೆ ಏಳೂವರೆ. ಇಡೀ ಹರಪನಹಳ್ಳಿ, ಹಡಗಲಿ ಸೀಮೆಗೆ ಇದೊಂದೇ ಪರಿಹಾರ ಹೇಳುತ್ತ ಬಂದವನು ಕಾರಿಗೆ ಬೇರೆ ನ್ಯಾಯ ಮಾಡುತ್ತಾನೆಯೇ? ನಾನು ಒಂಬತ್ತು ವರ್ಷ ಏರನ್ನು ಬೈದೆ. ಅವನು ಎಂಜಿನ್ ಬದಲಾಯಿಸಿದ.

ಹೆದ್ದಾರಿಯಲ್ಲಿ ಹಿಂದಿನಿಂದ ಗುದ್ದಿಸಿಕೊಂಡು ಗುಜರಿಗೆ ಬಂದಿದ್ದ ದೊಡ್ಡ ಕಾರೊಂದರ ಸಾವಿರ ಸಿಸಿ ಎಂಜಿನ್ನನ್ನು ಗೇರ್‌ಬಾಕ್ಸ್ ಸಮೇತ ಹುಡುಕಿ ತಂದ. ಹಗರಿಬೊಮ್ಮನಹಳ್ಳಿಯ ಮೆಕ್ಯಾನಿಕ್ ಬಾಷಾಸಾಬರು ಹನ್ನೊಂದು ದಿನ ಕಾರನ್ನು ಹರವಿಕೊಂಡು ಕೂತರು. ಎಂಜಿನ್ ಕೂರುವ ಹಿಡಿಕೆಗಳನ್ನು ಕೊಯ್ದು ಬೆಸುಗೆ ಹಾಕಿದರು, ದೊಡ್ಡ ರೇಡಿಯೇಟರು ತೂರಿಸಿದರು. ಬಾನೆಟ್ಟು ಮುಚ್ಚುತ್ತದೋ ಇಲ್ಲವೋ ಎಂದು ಅಳೆದು ಅಳೆದು ಕಡೆಗೆ ಒಂದು ಬೆರಳು ಜಾಗ ಉಳಿಸಿದರು. ನಮ್ಮ ಪುರಾಣಗಳಲ್ಲಿ ತಲೆ ಬದಲಾದ ದೇವರಿದ್ದಾನೆ, ದಕ್ಷನಿಗೆ ಟಗರಿನ ತಲೆ ಬಂದ ಕಥೆ ಇದೆ. ಎದೆ ಬದಲಾಯಿಸಿದ ಕಥೆ ಮಾತ್ರ ನಾನು ಕೇಳಿಲ್ಲ. ಅದನ್ನು ಬಾಷಾಸಾಬರಿಗೆ ಬಿಟ್ಟಿದ್ದರೆಂದು ತೋರುತ್ತದೆ. ಆರ್‌ಸಿಯಲ್ಲಿ ಎಂಜಿನ್ ನಂಬರು ಬೇರೆ ಆಯಿತಲ್ಲ, ಇಲ್ಲಿ ಸಿಕ್ಕಿಬೀಳುತ್ತಾನೆ ಎಂದು ನಾನು ಒಳಗೊಳಗೇ ಕಾದಿದ್ದೆ. ಅದನ್ನೂ ಆಫೀಸಿಗೆ ಅಲೆದು ತಿದ್ದಿಸಿಕೊಂಡು ಬಂದಿದ್ದ.

ಮೊದಲ ಭಾನುವಾರ ಅವನು ಕೂಡ್ಲಿಗಿಗೆ ಬಂದಾಗ ನನಗೆ ಮೊದಲು ಕೇಳಿಸಿದ್ದು ದನಿ. ನನ್ನ ಕೈಯಲ್ಲಿ ಕೆಮ್ಮುತ್ತಿದ್ದ ಕಾರು ಅವನ ಕೈಯಲ್ಲಿ ಗುಟುರು ಹಾಕುತ್ತಿತ್ತು. ಹೊರಗೆ ಹೋದೆ. ಅದೇ ಬಿಳಿ ಬಣ್ಣ, ನಾನೇ ಕಂಬಕ್ಕೆ ಒರೆಸಿದ ಅದೇ ಗೀರು. ನನ್ನನ್ನು ಕಂಡು ಗುರುತು ಹಿಡಿಯದಂತೆ ನಿಂತಿತ್ತು. ಹೆಂಡತಿ ನೀಲಮ್ಮ ಒಂದು ಸುತ್ತು ಹೋಗಿ ಬಂದಳು. ಅವಳ ಕೂದಲು ಹಾರಿತ್ತು. ನನ್ನ ಒಂಬತ್ತು ವರ್ಷಗಳಲ್ಲಿ ಒಂದು ಎಳೆಯೂ ಅಲುಗಿರಲಿಲ್ಲ.

"ಎಷ್ಟ್ ಹಗುರಾಗಿ ಓಡತೈತ್ರಿ! ನಮ್ಮ ಗಾಡೀನ ಅನ್ಸೋದಿಲ್ಲ."

"ಪೆಟ್ರೋಲ್ ಕುಡಿತೈತಿ," ಎಂದೆ.

"ಕಾರು ಪೆಟ್ರೋಲ್ ಕುಡಿತೈತಿ. ನೀವ್ಯಾಕ ಹಿಂಗ ಹೊಗಿ ಬಿಡಾಕತ್ತೀರಿ?"

ಭೌತಶಾಸ್ತ್ರದಲ್ಲಿ ಶಾಖಕ್ಕೆ ಮಾನವಿದೆ, ಒತ್ತಡಕ್ಕೆ ಇದೆ, ಹೊಟ್ಟೆಕಿಚ್ಚಿಗೆ ಇಲ್ಲ. ಶಾಖವೂ ಒತ್ತಡವೂ ಒಟ್ಟಿಗಿರುವುದರಿಂದ ಅಳೆಯುವುದು ಕಷ್ಟವಿರಬೇಕು. ನನ್ನ ಸಲಹೆ ಕೇಳಿದರೆ ಅದಕ್ಕೆ 'ಷಡ್ಡಕ' ಎಂದೇ ಹೆಸರಿಡಬಹುದು. ಪಕ್ಕದ ಮನೆಯವನು ಹೊಸ ಸೈಕಲ್ ತಂದರೆ ಕಾಲು ಷಡ್ಡಕ; ಸಹೋದ್ಯೋಗಿಗೆ ಬಡ್ತಿಯಾದರೆ ಅರ್ಧ. ಮಾವನ ಮನೆಯಲ್ಲಿ ಮೊದಲ ಎಲೆ ಹಾಕಿಸಿಕೊಳ್ಳುವ ಹಿರಿಯ ಅಳಿಯನೊಬ್ಬ, ತಾನೇ ಮಾರಿದ ಕಾರನ್ನು ಅತ್ತೆಯವರು "ಸಣ್ಣಳಿಯಾರ ಗಾಡಿ ಭೂಮಿ ಮ್ಯಾಲ ಇರಂಗಿಲ್ಲ ನೋಡವಾ" ಎಂದು ಹೊಗಳುವುದನ್ನು ಹೋಳಿಗೆ ಮುರಿಯುತ್ತ ಕೇಳಿದರೆ, ಅದು ಒಂದು ಪೂರ್ಣ ಷಡ್ಡಕ.

ಇಷ್ಟೇ ಆಗಿದ್ದರೆ ಹೇಗೋ ಜೀರ್ಣಿಸಿಕೊಳ್ಳುತ್ತಿದ್ದೆ. ಹಡಗಲಿಯ ನೆಂಟರ ಮನೆಯ ನಿಶ್ಚಿತಾರ್ಥಕ್ಕೆ ಎಲ್ಲರೂ ಕೊಟ್ರೇಶನ ಕಾರಿನಲ್ಲೇ ಹೋಗುವುದೆಂದು ತೀರ್ಮಾನವಾಯಿತು. ಆ ವಾರ ನನಗೆ ಊಟ ಸೇರಲಿಲ್ಲ. ವೇಗ ಎರಡು ಪಟ್ಟಾದರೆ ನಿಲ್ಲಲು ಬೇಕಾಗುವ ದೂರ ನಾಲ್ಕು ಪಟ್ಟಾಗುತ್ತದೆ. ವರ್ಷ ವರ್ಷವೂ ಬೋರ್ಡಿನ ಮೇಲೆ ಬರೆಯುವ ಮಾತು. ಎಂಜಿನ್ ಹೊಸದು, ಬ್ರೇಕು ನನ್ನದು. ಹೇಳಬೇಕು. ಆದರೆ ಹೇಗೆ ಹೇಳುವುದು? ಹೊಟ್ಟೆಕಿಚ್ಚಿನವನ ಬಾಯಲ್ಲಿ ನಿಜ ಬಂದರೂ ಕಿಚ್ಚಿನ ವಾಸನೆಯೇ ಬರುತ್ತದೆ. "ಬ್ರೇಕು ತೋರಿಸಪ್ಪಾ" ಎಂದರೆ ಗಾಡಿಯನ್ನು ಹಳಿಯುತ್ತಿದ್ದಾನೆ ಎನ್ನುತ್ತಾರೆ. "ನನಗೆ ಮೊದಲೇ ಗೊತ್ತಿತ್ತು" ಎಂದರೆ ಮೋಸ ಮಾಡಿದ ಹಿರಿಯ ಅಳಿಯ. ಇನ್ನೂ ಕೆಟ್ಟದ್ದೆಂದರೆ, ಇದು ಅವರ ಜೀವದ ಚಿಂತೆಯೋ ಅಥವಾ ಆ ಕಾರು ಹೇಗಾದರೂ ಒಮ್ಮೆ ಸೋಲಲಿ ಎಂಬ ಆಸೆಯೋ, ನನಗೇ ಬಗೆಹರಿಯಲಿಲ್ಲ. ಹೇಳದೆಯೇ ಕಾರು ಹತ್ತಿದೆ.

ಹಿಂದೆ ಅತ್ತೆ, ನೀಲಮ್ಮ ಮತ್ತು ಅವಳ ತಂಗಿ. ಮುಂದಿನ ಸೀಟು ಮರ್ಯಾದೆಯ ಲೆಕ್ಕದಲ್ಲಿ ನನಗೆ. ಕೊಟ್ಟೂರು ಬಿಟ್ಟು ಹತ್ತು ನಿಮಿಷಕ್ಕೆ ಮುಳ್ಳು ಎಂಬತ್ತು ತೋರಿಸಿತು. ನನ್ನ ಬಲಗಾಲು ಇಲ್ಲದ ಬ್ರೇಕನ್ನು ಎರಡೆರಡು ಸಲ ತುಳಿಯುತ್ತಲೇ ಇತ್ತು. ಹಗರಿಬೊಮ್ಮನಹಳ್ಳಿ ದಾಟಿ ಸ್ವಲ್ಪ ದೂರ ಹೋಗಿರಬೇಕು, ಜಾಲಿಯ ಮರೆಯಿಂದ ಕುರಿ ಹಿಂಡೊಂದು ರಸ್ತೆಗೆ ಇಳಿಯಿತು.

"ಎರಡ್ ಸಲಾ!" ಎಂದು ಕಿರುಚಿದೆ. "ಕೊಟ್ರೇಶಾ, ಎರಡ್ ಸಲಾ!"

ಕೊಟ್ರೇಶ ಒಂದೇ ಸಲ ತುಳಿದ. ಕಾರು ನಿಂತಿತು. ಮುಂದಿನ ಕುರಿಗೂ ನಮಗೂ ಒಂದು ಮಾರು ಜಾಗವಿತ್ತು. ಕುರಿ ಕಾಯುವವನು ತಿರುಗಿ ನೋಡುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ.

"ಏನ್ರೀ ಎರಡ್ ಸಲ?" ಅತ್ತೆಯವರು ಕೇಳಿದರು.

ಕೊಟ್ರೇಶ ಕನ್ನಡಿಯಲ್ಲಿ ಅವರನ್ನು ನೋಡಿ, "ಹಾರನ್ನಬೇ ಅತ್ತಿ. ಕುರಿ ಕಂಡ್ರ ಎರಡ್ ಸಲ ಹೊಡಿಬೇಕಂತ ಅಣ್ಣಾರು ಹೇಳಾಕತ್ತಾರ," ಎಂದು ಪೀಂ ಪೀಂ ಎಂದು ಎರಡು ಸಲ ಹೊಡೆದ.

ಹಡಗಲಿಯಲ್ಲಿ ಊಟ ಮುಗಿದ ಮೇಲೆ, ಹೆಂಗಸರು ಮಲ್ಲಿಗೆ ದಂಡೆ ಹಂಚಿಕೊಳ್ಳುವ ಹೊತ್ತಿನಲ್ಲಿ, ಅವನನ್ನು ಪಕ್ಕಕ್ಕೆ ಕರೆದೆ. "ಕೊಟ್ರೇಶ, ಆ ಬ್ರೇಕು..."

"ಗೊತ್ತೈತಿ ಬಿಡ್ರಿ ಅಣ್ಣಾರ. ನೀವು ಗಾಡಿ ಬಿಡಾಕ ಬಂದಿದ್ರಲ್ಲ, ನಮ್ಮ ಅಂಗಡಿ ಮುಂದ ನಿಲ್ಲಸೋವಾಗ ನಿಮ್ಮ ಕಾಲು ಎರಡ್ ಸಲ ಎದ್ದು ಬಿತ್ತು. ಅವತ್ತ ನೋಡೀನಿ. ಬಾಷಾಸಾಬ್ರು ಎಂಜಿನ್ ಮುಟ್ಟಾಕ ಮೊದಲು ಬ್ರೇಕ್ ಪೂರಾ ಹೊಸಾದು ಹಾಕ್ಯಾರ. ನಿಲ್ಲೋದು ಕಲಸಿ ಆಮ್ಯಾಲ ಓಡಸೋದು ಕಲಸ್ಬೇಕು ಅಂದ್ರು."

"ಮತ್ತ ನನಗ್ಯಾಕ ಹೇಳಲಿಲ್ಲ?"

ಅವನು ಅಡಿಕೆ ಕಡಿಯುತ್ತ ಬೇರೆ ಕಡೆ ನೋಡಿದ. "ಹೇಳಿದ್ರ ನೀವು ಸಣ್ಣಾಗತಿದ್ರಿ. ಮನ್ಯಾಗ ಗೊತ್ತಾದ್ರ ಅತ್ತಿ ಏನಂತಾರ? ದೊಡ್ಡಳಿಯಾರು ನೀವು."

ನಾಲ್ಕು ತಿಂಗಳು ಅವನು ಈ ಮಾತನ್ನು ಹೆಂಡತಿಗೂ ಹೇಳದೆ ಇಟ್ಟುಕೊಂಡಿದ್ದ. ನಾನಾಗಿದ್ದರೆ ಸಂಜೆಯೊಳಗೆ ಹರಪನಹಳ್ಳಿಯವರೆಗೆ ತಲುಪಿಸುತ್ತಿದ್ದೆ. ಸಾವಿರ ಸಿಸಿಯನ್ನಾದರೂ ಹೇಗೋ ಸಹಿಸಬಹುದಿತ್ತು. ಈ ದೊಡ್ಡತನಕ್ಕೆ ನನ್ನಲ್ಲಿ ಜಾಗವೇ ಇರಲಿಲ್ಲ. ಬಾಷಾಸಾಬರು ಅಳೆದು ಅಳೆದು ಕೂರಿಸಿದರೂ ನನ್ನ ಬಾನೆಟ್ಟು ಮುಚ್ಚುತ್ತಿರಲಿಲ್ಲ.

ಅವನಿಗೆ ಇದೂ ತಿಳಿಯಿತೋ ಏನೋ, ವಾಪಸು ಹೊರಡುವಾಗ ಬೀಗದ ಕೈ ನನ್ನ ಕಡೆ ಚಾಚಿದ. "ನೀವ ಓಡಸ್ರಿ ಅಣ್ಣಾರ."

ನಲವತ್ತರಲ್ಲಿ ಹೊರಟೆ. ಟ್ರ್ಯಾಕ್ಟರೊಂದು ನಮ್ಮನ್ನು ದಾಟಿ ಹೋದಾಗ ಹಿಂದಿನಿಂದ ಅತ್ತೆಯವರು, "ಇಳದು ನಡಿಲೇನ್ರೀ?" ಎಂದರು. ಎಲ್ಲರೂ ನಕ್ಕರು. ನಾನು ಒತ್ತಿದೆ. ಅರವತ್ತು. ಎಂಬತ್ತು. ಕಾರು ಒಮ್ಮೆಯೂ ಕೆಮ್ಮಲಿಲ್ಲ. ಹೊಲಗಳು, ಕಂಬಗಳು, ಸಂಜೆಯ ಬಿಸಿಲು ಎಲ್ಲ ಕಿಟಕಿಯಲ್ಲಿ ಹಿಂದೆ ಸರಿದವು. ಕನ್ನಡಿಯಲ್ಲಿ ನೀಲಮ್ಮನ ಮಲ್ಲಿಗೆ ಕುಣಿಯುತ್ತಿತ್ತು. ಎಷ್ಟೋ ಮೈಲಿ ಹೋದ ಮೇಲೆ ಒಂದು ವಿಚಿತ್ರ ಗಮನಕ್ಕೆ ಬಂತು: ನನಗೆ ಯಾರ ಮೇಲೂ ಏನೂ ಅನ್ನಿಸುತ್ತಿರಲಿಲ್ಲ. ಹೊಟ್ಟೆ ತಣ್ಣಗಿತ್ತು. ಹೊಟ್ಟೆಕಿಚ್ಚು ಪಕ್ಕದ ಸೀಟಿನವರಿಗೆ ಬರುವ ಕಾಯಿಲೆ. ಸ್ಟೀರಿಂಗ್ ಹಿಡಿದವನಿಗೆ ರಸ್ತೆ ನೋಡಿ ಸಾಕಾಗಿರುತ್ತದೆ.

ಇಂಥದ್ದೊಂದು ಸತ್ಯ ಕಂಡುಕೊಂಡ ಸಂತೋಷದಲ್ಲಿ ಕೊಟ್ಟೂರು ಮುಟ್ಟಿದೆ. ಅಲ್ಲಿಂದ ಕೂಡ್ಲಿಗಿಗೆ ಬಿಡಲು ಕೊಟ್ರೇಶ ಮತ್ತೆ ಸ್ಟೀರಿಂಗಿಗೆ ಬಂದ. ನಾನು ಸುತ್ತಿ ಬಂದು ಎಡಗಡೆ ಕೂತೆ, ಬಾಗಿಲು ಹಾಕಿಕೊಂಡೆ. ಊರು ದಾಟುವುದರೊಳಗೆ ಹೊಟ್ಟೆಯಲ್ಲಿ ಸಣ್ಣಗೆ ಉರಿ ಎದ್ದಿತು.